ನೀರಿನ ಬಿಲ್ಲು, ಒಳಚರಂಡಿಯ ಹೊಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರಿನ ಬಿಲ್ಲನ್ನು ಕುರಿತವು. ಕಟ್ಟಬೇಕಾದ ಮೊತ್ತ ಎಷ್ಟೆಂದು ಹೆಚ್ಚುಕಡಿಮೆ ಎಲ್ಲರೂ ಬರೆದಿದ್ದಾರೆ. ಮೀಟರು ಎಷ್ಟು ತೋರಿಸುತ್ತಿದೆ ಎಂದು ಬರೆದವರು ಒಬ್ಬರೇ. ಮೊತ್ತವೆಂಬುದು ಬಿಲ್ಲಿನ ಕೊನೆಯ ಸಾಲು. ಅದರ ಮೇಲಿನ ಸಾಲುಗಳನ್ನು ಮನೆಯ ಮೀಟರಿನ ಮುಂದೆ ನಿಂತು ಓದಿದರೆ, ಮನೆಯ ಕೊಳಚೆ ಹಾದುಹೋಗುವ ಅಂಗಳದ ಗುಂಡಿಯ, ಅಂದರೆ ಚೇಂಬರಿನ, ಮುಚ್ಚಳವನ್ನು ಒಮ್ಮೆ ಎತ್ತಿಸಿ ನೋಡಿದರೆ, ಕಚೇರಿಗೆ ಅಲೆಯುವ ಮೊದಲೇ ಅರ್ಧ ಸಂಶಯ ಬಗೆಹರಿಯುತ್ತದೆ. ದರಗಳೂ ನಿಯಮಗಳೂ ಊರಿಂದ ಊರಿಗೆ ಬೇರೆಯಾಗುವುದರಿಂದ ಹಣದ ಮಾತನ್ನು ಇಲ್ಲಿ ಎತ್ತಿಲ್ಲ. ಎಲ್ಲಿಗೂ ಹೊಂದುವ ಲೆಕ್ಕವನ್ನಷ್ಟೇ ವಿವರಿಸಿದ್ದೇನೆ.

ಪ್ರಶ್ನೆ: ನಾವು ಮನೆಯಲ್ಲಿ ನಾಲ್ಕು ಜನ. ತಿಂಗಳಿಗೆ 14 ಅಥವಾ 15 ಯೂನಿಟ್ ಬರುತ್ತಿದ್ದ ನೀರಿನ ಬಿಲ್ಲಿನಲ್ಲಿ ಈ ಬಾರಿ 41 ಯೂನಿಟ್ ಎಂದಿದೆ. ನೆಂಟರು ಬಂದಿಲ್ಲ, ಹೊಸ ನಲ್ಲಿ ಹಾಕಿಸಿಲ್ಲ. ಕಚೇರಿಯಲ್ಲಿ ವಿಚಾರಿಸಿದರೆ ‘ಮೀಟರ್ ತೋರಿಸಿದ್ದೇ ಬಿಲ್ಲಿನಲ್ಲಿದೆ’ ಎನ್ನುತ್ತಾರೆ. ಸುಮ್ಮನೆ ಕಟ್ಟಿಬಿಡಬೇಕೇ, ತಕರಾರು ಸಲ್ಲಿಸಬೇಕೇ? (ಗೃಹಿಣಿಯೊಬ್ಬರು)

ಉತ್ತರ: ಎರಡಕ್ಕೂ ಮೊದಲು ಲೆಕ್ಕ ಹಾಕೋಣ. ಬಿಲ್ಲಿನ ಒಂದು ಯೂನಿಟ್ ಎಂದರೆ ಸಾಮಾನ್ಯವಾಗಿ ಒಂದು ಕಿಲೋಲೀಟರ್, ಅಂದರೆ 1,000 ಲೀಟರ್. ನಿಮ್ಮ ಎಂದಿನ 15 ಯೂನಿಟ್‌ಗಳನ್ನು 30 ದಿನಕ್ಕೂ ನಾಲ್ಕು ಜನರಿಗೂ ಹಂಚಿದರೆ ತಲೆಗೆ ದಿನಕ್ಕೆ 125 ಲೀಟರ್ ಆಗುತ್ತದೆ. ಅದು ನಂಬಬಹುದಾದ ಖರ್ಚು. 41 ಯೂನಿಟ್‌ಗಳನ್ನು ಹಾಗೆಯೇ ಹಂಚಿದರೆ ತಲೆಗೆ 340 ಲೀಟರ್ ದಾಟುತ್ತದೆ. ಒಬ್ಬರ ಮೂಲ ಅಗತ್ಯಗಳಿಗೆ ದಿನಕ್ಕೆ 50ರಿಂದ 100 ಲೀಟರ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ನೆನೆದರೆ, ನಿಮ್ಮ ಮನೆಯವರು ಇಷ್ಟು ನೀರು ಬಳಸಿಲ್ಲವೆಂಬ ನಿಮ್ಮ ಮಾತು ಸರಿಯೇ ಇರಬೇಕು. ಹಾಗಿದ್ದರೆ ಒಂದೋ ಬಿಲ್ಲಿನ ಅಂಕಿಯಲ್ಲಿ ತೊಡಕಿದೆ, ಇಲ್ಲವೇ ನೀರು ಎಲ್ಲಿಯೋ ಸೋರಿಹೋಗುತ್ತಿದೆ.

ಮೊದಲು ಬಿಲ್ಲಿನಲ್ಲಿ ‘ಹಿಂದಿನ ರೀಡಿಂಗ್’, ‘ಈಗಿನ ರೀಡಿಂಗ್’ ಮತ್ತು ಅವುಗಳ ದಿನಾಂಕಗಳನ್ನು ನೋಡಿ. ರೀಡಿಂಗಿಗೆ ಬಂದಾಗ ಮನೆಗೆ ಬೀಗ ಹಾಕಿದ್ದರೆ ರೀಡಿಂಗ್ ತೆಗೆಯದೆ ಸರಾಸರಿಯ ಮೇಲೆ ಬಿಲ್ಲು ಕೊಡುವುದು ಹಲವು ಕಡೆ ಇರುವ ಪದ್ಧತಿ. ಹಿಂದಿನ ಎರಡು ತಿಂಗಳು ಅಂದಾಜಿನಲ್ಲಿ 14ರಂತೆ ಹಾಕಿದ್ದು, ನಿಜವಾದ ಖರ್ಚು ತಿಂಗಳಿಗೆ 23 ಇತ್ತು ಎಂದುಕೊಳ್ಳಿ. ಆಗ ಬಿಟ್ಟುಹೋದ 18 ಯೂನಿಟ್‌ಗಳು ಈ ತಿಂಗಳ 23ಕ್ಕೆ ಸೇರಿ ಸರಿಯಾಗಿ 41 ಆಗುತ್ತವೆ. ನೀರು ಖರ್ಚಾದದ್ದು ನಿಜವೇ ಆದರೂ ಇಲ್ಲಿ ಇನ್ನೊಂದು ಅನ್ಯಾಯ ನಡೆದಿರಬಹುದು: ಖರ್ಚು ಹೆಚ್ಚಿದಂತೆ ದರವೂ ಏರುವ ಸ್ಲ್ಯಾಬ್ ಪದ್ಧತಿ ಇರುವ ಕಡೆ, ಮೂರು ತಿಂಗಳಲ್ಲಿ ಹಂಚಿಹೋಗಬೇಕಾದ ಯೂನಿಟ್‌ಗಳು ಒಂದೇ ತಿಂಗಳ ತಲೆಯ ಮೇಲೆ ಕುಳಿತು, ಮೇಲಿನ ಸ್ಲ್ಯಾಬಿನ ದರವನ್ನು ಎಳೆದು ತರುತ್ತವೆ. ಅವುಗಳನ್ನು ತಿಂಗಳುವಾರು ಹಂಚಿ ಮತ್ತೆ ಲೆಕ್ಕ ಹಾಕಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಕೇಳಿದವರಿಗಷ್ಟೇ ಸಿಗುವ ಪರಿಹಾರ ಇದು ಎಂಬುದು ನನಗೆ ಬೇಸರದ ವಿಷಯ.

ಆಮೇಲೆ ಮೀಟರನ್ನೇ ನೋಡಿ. ಸಾಮಾನ್ಯವಾಗಿ ಕಪ್ಪು ಅಂಕಿಗಳು ಪೂರ್ಣ ಯೂನಿಟ್‌ಗಳು, ಕೆಂಪು ಅಂಕಿಗಳು ಅಥವಾ ಕೆಂಪು ಮುಳ್ಳುಗಳು ಯೂನಿಟ್ಟಿನ ಭಾಗಗಳು. ಗಾಜಿನೊಳಗೆ ಹಬೆ ಕಟ್ಟಿದ್ದರೆ 3 ಎಂಬುದು 8ರಂತೆ ಕಾಣುತ್ತದೆ. ಬಿಲ್ಲಿನಲ್ಲಿ ‘ಈಗಿನ ರೀಡಿಂಗ್’ ಎಂದು ನಮೂದಿಸಿದ್ದಕ್ಕಿಂತ ಇಂದು ಮೀಟರಿನಲ್ಲಿ ಕಡಿಮೆ ಇದ್ದರೆ ಬೇರೆ ಸಾಕ್ಷಿ ಬೇಕಿಲ್ಲ; ಫೋಟೊ ತೆಗೆದು ಅರ್ಜಿಯೊಂದಿಗೆ ಲಗತ್ತಿಸಿದರೆ ಸಾಕು.

ಅಂಕಿ ಸರಿಯಾಗಿದ್ದರೆ ಸೋರಿಕೆಯನ್ನು ಹುಡುಕಬೇಕು. ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿ, ಮೀಟರಿನ ಮುಖದ ಮೇಲೆ ನಕ್ಷತ್ರದಂತೆಯೋ ತ್ರಿಕೋನದಂತೆಯೋ ಇರುವ ಪುಟ್ಟ ಚಕ್ರವನ್ನು ಗಮನಿಸಿ. ಅದು ನಿಧಾನವಾಗಿಯಾದರೂ ತಿರುಗುತ್ತಿದ್ದರೆ ನೀರು ಎಲ್ಲಿಗೋ ಹೋಗುತ್ತಿದೆ. ಸಂಪು ಮತ್ತು ಮೇಲಿನ ಟ್ಯಾಂಕು ಇರುವ ಮನೆಗಳಲ್ಲಿ ಈ ಪರೀಕ್ಷೆಯೊಂದೇ ಸಾಲದು, ಏಕೆಂದರೆ ಮೀಟರು ಸಂಪಿಗಿಂತ ಮೊದಲೇ ಇರುತ್ತದೆ. ಸಂಪು ತುಂಬಿದಾಗ ನೀರನ್ನು ತಾನಾಗಿ ನಿಲ್ಲಿಸುವ ತೇಲುಗುಂಡಿನ ವಾಲ್ವ್, ಅಂದರೆ ಬಾಲ್ ಕಾಕ್, ಮುಚ್ಚಿಕೊಂಡಿರುವಾಗ ಟ್ಯಾಂಕಿನ ಆಚೆಯ ಸೋರಿಕೆ ಅದರಲ್ಲಿ ತೋರುವುದಿಲ್ಲ. ಅಂಥ ಮನೆಯವರು ರಾತ್ರಿ ಸಂಪಿಗೆ ನೀರು ಬರುವ ವಾಲ್ವ್ ಮುಚ್ಚಿ, ಪಂಪನ್ನೂ ನಿಲ್ಲಿಸಿ, ಸಂಪಿನ ಮತ್ತು ಟ್ಯಾಂಕಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಆ ಗೆರೆಗಳನ್ನು ನೋಡಬೇಕು. ಮಟ್ಟ ಇಳಿದಿರುವ ಕಡೆಯಲ್ಲಿ ಸೋರಿಕೆ ಇದೆ.

ನಿಮ್ಮಲ್ಲಿ ಹೆಚ್ಚಾಗಿರುವುದು ಸುಮಾರು 26 ಯೂನಿಟ್. ದಿನಕ್ಕೆ ಲೆಕ್ಕ ಹಾಕಿದರೆ ಅದು 860 ಲೀಟರಿಗಿಂತ ಹೆಚ್ಚು. ಆದರೆ ನಿಮಿಷಕ್ಕೆ ಲೆಕ್ಕ ಹಾಕಿದರೆ ಬರೀ ಅರ್ಧ ಲೀಟರಿಗಿಂತ ತುಸು ಮೇಲು. ಇಷ್ಟು ನೀರು ಸದ್ದಿಲ್ಲದೆ ಹರಿದುಹೋಗಬಲ್ಲ ಜಾಗ ಮನೆಯಲ್ಲಿ ಒಂದಿದೆ: ಶೌಚಾಲಯದ ಫ್ಲಶ್ ಟ್ಯಾಂಕು. ತಟತಟ ಎನ್ನುವ ನಲ್ಲಿ ಎಲ್ಲರ ನಿದ್ದೆ ಕೆಡಿಸುತ್ತದೆ, ಆದರೆ ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕಿದರೂ ಅದು ದಿನಕ್ಕೆ ಸುಮಾರು 20 ಲೀಟರ್ ಮಾತ್ರ. ಫ್ಲಶ್ ಟ್ಯಾಂಕಿನ ತಳದ ರಬ್ಬರು ಗಟ್ಟಿಯಾಗಿ ಅಂಚು ಸವೆದರೆ ಕಮೋಡಿನ ಹಿಂಗೋಡೆಗೆ ಅಂಟಿಕೊಂಡೇ ಇಳಿಯುವ ನೀರಿನ ತೆಳು ಪದರ ಕಣ್ಣಿಗೂ ಕಾಣುವುದಿಲ್ಲ, ಕಿವಿಗೂ ಕೇಳುವುದಿಲ್ಲ. ಫ್ಲಶ್ ಮಾಡಿ ಅರ್ಧ ಗಂಟೆ ಬಿಟ್ಟು, ಆ ಹಿಂಗೋಡೆಯನ್ನು ಒರೆಸಿ, ಒಣ ಕಾಗದದ ಚೂರೊಂದನ್ನು ಅದಕ್ಕೆ ಒತ್ತಿ ಹಿಡಿಯಿರಿ. ಮೇಲಿನಿಂದ ಕೆಳಕ್ಕೆ ಕಾಗದ ತೊಯ್ಯುತ್ತಾ ಬಂದರೆ ನಿಮ್ಮ 26 ಯೂನಿಟ್‌ಗಳ ದಾರಿ ಸಿಕ್ಕಂತೆಯೇ. ಟ್ಯಾಂಕಿನ ನೀರಿಗೆ ಬಣ್ಣ ಬೆರೆಸಿ, ಫ್ಲಶ್ ಮಾಡದೆ ಅರ್ಧ ಗಂಟೆ ಕಾದು, ಕೆಳಗೆ ಬಣ್ಣ ಬಂದಿದೆಯೇ ಎಂದು ನೋಡುವುದೂ ಅಷ್ಟೇ ಒಳ್ಳೆಯ ಪರೀಕ್ಷೆ.

ಮೀಟರೇ ಕೆಟ್ಟಿದೆ ಎಂದು ಹೊರಡುವುದು ಕೊನೆಯ ಮಾತಾಗಲಿ. ಮನೆಗಳಲ್ಲಿ ಬಳಸುವ ಸಾಮಾನ್ಯ ದರ್ಜೆಯ ಮೀಟರುಗಳಿಗೆ ಮಾಮೂಲು ಹರಿವಿನಲ್ಲಿ ಶೇಕಡಾ 2ರಷ್ಟು, ತೀರಾ ಸಣ್ಣ ಹರಿವಿನಲ್ಲಿ ಶೇಕಡಾ 5ರಷ್ಟು ತಪ್ಪಿಗೆ ಅವಕಾಶವಿದೆ. ಹಳೆಯದಾದ ಯಾಂತ್ರಿಕ ಮೀಟರು ಸವೆದು ಕಡಿಮೆ ತೋರಿಸುವುದೇ ಹೆಚ್ಚು. ಮೂರು ಪಟ್ಟು ಹೆಚ್ಚು ತೋರಿಸುವುದು ಅಪರೂಪ. ಎಲ್ಲ ನೋಡಿದ ಮೇಲೂ ಸಂಶಯ ಉಳಿದರೆ ಮೀಟರ್ ಪರೀಕ್ಷೆಗೆ ಅರ್ಜಿ ಕೊಟ್ಟು, ಕಡೆಯ ದಿನದೊಳಗೆ ತಕರಾರನ್ನು ಬರವಣಿಗೆಯಲ್ಲಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ತೀರ್ಮಾನವಾಗುವವರೆಗೆ ಎಂದಿನ ಸರಾಸರಿಯಷ್ಟನ್ನು ಕಟ್ಟಲು ಅವಕಾಶ ಕೋರಿ. ಏನನ್ನೂ ಕಟ್ಟದೆ ಕೂತರೆ ನ್ಯಾಯ ನಿಮ್ಮ ಕಡೆಯೇ ಇದ್ದರೂ ಬಾಕಿ, ದಂಡ ಎಂಬ ಹೊಸ ಸಾಲುಗಳು ಬಿಲ್ಲಿಗೆ ಸೇರಿಕೊಳ್ಳುತ್ತವೆ.

ಪ್ರಶ್ನೆ: ನಾವು ಪಡೆಯುವ ನೀರಿನಲ್ಲಿ ಒಳ್ಳೆಯ ಪಾಲು ಕೈತೋಟಕ್ಕೆ ಹೋಗುತ್ತದೆ. ಆದರೂ ಪೂರ್ತಿ ನೀರಿನ ಮೇಲೆ ಒಳಚರಂಡಿ ಶುಲ್ಕ ಹಾಕುತ್ತಾರೆ. ಚರಂಡಿಗೆ ಬಿಡದ ನೀರಿಗೆ ನಾವೇಕೆ ಹಣ ಕೊಡಬೇಕು? (ಓದುಗರೊಬ್ಬರು)

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಮನೆಯಿಂದ ಹೊರಹೋಗುವ ನೀರನ್ನು ಅಳೆಯುವ ಮೀಟರನ್ನು ಯಾರೂ ಮನೆಮನೆಗೆ ಹಾಕುವುದಿಲ್ಲ. ಕೊಳಚೆ ನೀರಿನಲ್ಲಿ ಶೇಕಡಾ 99.9ರಷ್ಟು ನೀರೇ ಇದ್ದರೂ, ಉಳಿದ ಆ ಒಂದಿಷ್ಟು ಮಲ, ಜಿಡ್ಡು, ಕೂದಲು, ಕಾಗದಗಳೇ ಸಣ್ಣ ಮೀಟರಿನಲ್ಲಿ ಸಿಕ್ಕಿಕೊಂಡು ಅದನ್ನು ನಿಲ್ಲಿಸಿಬಿಡಲು ಸಾಕು. ಆದ್ದರಿಂದ ಒಳಗೆ ಬಂದ ನೀರಿನಲ್ಲಿ ಇಷ್ಟು ಪಾಲು ಹೊರಗೆ ಹೋಗುತ್ತದೆ ಎಂದು ಊಹಿಸಿ ಶುಲ್ಕ ನಿಗದಿ ಮಾಡುತ್ತಾರೆ. ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಪಾಲು ಶೇಕಡಾ 80ರಿಂದ 90. ಕೆಲವು ವ್ಯವಸ್ಥೆಗಳಲ್ಲಿ ತೋಟಕ್ಕೆ ಪ್ರತ್ಯೇಕ ಮೀಟರು ಹಾಕಿಸಿಕೊಂಡರೆ ಆ ನೀರಿಗೆ ಒಳಚರಂಡಿ ಶುಲ್ಕವಿಲ್ಲ. ನಿಮ್ಮಲ್ಲಿ ಆ ಅವಕಾಶವಿದೆಯೇ ಎಂದು ವಿಚಾರಿಸಿ.

ಇದೇ ತರ್ಕ ತಿರುಗಿ ಬರುವುದೂ ಉಂಟು. ಸ್ವಂತ ಬಾವಿಯ ನೀರು ಬಳಸುವವರು ‘ನೀರು ನಮ್ಮದು, ಒಳಚರಂಡಿ ಶುಲ್ಕವೇಕೆ’ ಎಂದು ಕೇಳುತ್ತಾರೆ. ನೀರು ಎಲ್ಲಿಂದಲಾದರೂ ಬರಲಿ, ಬಳಸಿದ ಮೇಲೆ ಸಾರ್ವಜನಿಕ ಕೊಳವೆಗೆ ಇಳಿದರೆ ಅದನ್ನು ಸಾಗಿಸಿ ಶುದ್ಧೀಕರಿಸುವ ಖರ್ಚು ಇದ್ದೇ ಇರುತ್ತದೆ. ಶುದ್ಧೀಕರಣ ಘಟಕದಲ್ಲಿ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಬದುಕಲು ಹಗಲೂ ರಾತ್ರಿ ಗಾಳಿ ಊದುತ್ತಲೇ ಇರಬೇಕು. ಅಂಥ ಘಟಕದ ವಿದ್ಯುತ್ತಿನಲ್ಲಿ ಸುಮಾರು ಅರ್ಧದಷ್ಟು ಆ ಗಾಳಿಗೇ ಹೋಗುತ್ತದೆ. ಆದರೆ ನಿಮ್ಮ ಮನೆ ಸೆಪ್ಟಿಕ್ ಟ್ಯಾಂಕನ್ನೇ ನಂಬಿದ್ದು, ಒಳಚರಂಡಿಗೆ ಸಂಪರ್ಕವೇ ಇಲ್ಲದಿದ್ದರೂ ಬಿಲ್ಲಿನಲ್ಲಿ ಆ ಸಾಲು ಇದ್ದರೆ, ಸ್ಥಳ ಪರಿಶೀಲನೆಗೆ ಅರ್ಜಿ ಹಾಕಿ.

ಪ್ರಶ್ನೆ: ನೀರು ಬಿಡುವ ಹೊತ್ತಿಗೆ ಮೊದಲು ನಲ್ಲಿಯಲ್ಲಿ ಗಾಳಿ ಬುಸುಗುಟ್ಟುತ್ತದೆ, ಮೀಟರು ಗಿರಗಿರನೆ ತಿರುಗುತ್ತದೆ. ಗಾಳಿಗೂ ಬಿಲ್ಲು ಕಟ್ಟುತ್ತಿದ್ದೇವೆಯೇ? (ಓದುಗರೊಬ್ಬರು)

ಉತ್ತರ: ಹೌದು, ಇದು ಬರೀ ಊಹೆಯಲ್ಲ. ನೀರು ದಿನವಿಡೀ ಬರದೆ ಗೊತ್ತಾದ ಹೊತ್ತಿನಲ್ಲಿ ಮಾತ್ರ ಬರುವ ಕಡೆ, ಖಾಲಿಯಾದ ಕೊಳವೆಗಳಲ್ಲಿ ಗಾಳಿ ತುಂಬಿಕೊಂಡು, ನೀರು ಬಿಟ್ಟಾಗ ಮೀಟರಿನ ಚಕ್ರವನ್ನು ತಿರುಗಿಸಿಕೊಂಡೇ ಹೊರಬೀಳುತ್ತದೆ. ಬೀದಿಯ ಕೊಳವೆಗೆ ಗಾಳಿಯನ್ನು ಹೊರಬಿಡುವ ಏರ್ ವಾಲ್ವ್ ಹಾಕಬೇಕಾದದ್ದು ನೀರು ಕೊಡುವ ಸಂಸ್ಥೆಯ ಕೆಲಸ. ಅಕ್ಕಪಕ್ಕದವರು ಒಟ್ಟಾಗಿ ಅರ್ಜಿ ಕೊಡುವುದು ಮೇಲು. ಮೀಟರಿನ ಹಿಂದೆ ನೀವೇ ಏನನ್ನಾದರೂ ಜೋಡಿಸಿದರೆ ಮೀಟರಿಗೆ ಕೈ ಹಾಕಿದ ಆರೋಪ ಬರುತ್ತದೆ. ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ: ನೀರು ಸಣ್ಣಗೆ ಬರುತ್ತದೆಂದು ಬೀದಿಯ ಕೊಳವೆಗೆ ನೇರವಾಗಿ ಪಂಪು ಹಾಕಿ ಎಳೆಯಬೇಡಿ. ಕೊಳವೆಯಲ್ಲಿ ಒತ್ತಡ ಕುಸಿದಾಗ ಸಡಿಲವಾದ ಬೆಸುಗೆಗಳ ಮೂಲಕ ಸುತ್ತಲಿನ ಮಣ್ಣಿನ ಕೊಳೆ ನೀರು ಒಳನುಗ್ಗುತ್ತದೆ. ಅದನ್ನು ಕುಡಿಯುವವರಲ್ಲಿ ನಿಮ್ಮ ಮಕ್ಕಳೂ ಇರುತ್ತಾರೆ, ಪಕ್ಕದ ಮನೆಯ ಮಕ್ಕಳೂ ಇರುತ್ತಾರೆ.

ಪ್ರಶ್ನೆ: ನೆಲಮಹಡಿಯ ಬಚ್ಚಲಿನಿಂದ ಆಗಾಗ ಕೊಳಚೆ ನೀರು ಮೇಲೆ ಉಕ್ಕುತ್ತದೆ. ‘ಕಾಂಪೌಂಡಿನ ಒಳಗಿನದು ನಿಮ್ಮ ಹೊಣೆ’ ಎಂದು ಕಚೇರಿಯವರೂ, ‘ತೊಂದರೆ ಇರುವುದು ಬೀದಿಯಲ್ಲಿ’ ಎಂದು ಪ್ಲಂಬರರೂ ಹೇಳುತ್ತಾರೆ. ಯಾರ ಮಾತು ಸರಿ? (ನಿವೃತ್ತ ಉದ್ಯೋಗಿಯೊಬ್ಬರು)

ಉತ್ತರ: ಇದನ್ನು ತೀರ್ಮಾನಿಸುವುದು ನಿಮ್ಮ ಕಾಂಪೌಂಡಿನ ಗೋಡೆಯ ಬಳಿ ಇರುವ ಕೊನೆಯ ಚೇಂಬರ್. ಬಚ್ಚಲು ಉಕ್ಕುತ್ತಿರುವಾಗಲೇ ಅದರ ಮುಚ್ಚಳ ಎತ್ತಿಸಿ. ಚೇಂಬರ್ ಖಾಲಿಯಿದ್ದು ಬಚ್ಚಲು ಮಾತ್ರ ತುಂಬಿದ್ದರೆ ಅಡಚಣೆ ಅವೆರಡರ ನಡುವೆ ಇದೆ, ಅದು ನಿಮ್ಮದು. ಚೇಂಬರ್ ಕಂಠಮಟ್ಟ ತುಂಬಿ ನಿಂತಿದ್ದರೆ ಅಡಚಣೆ ಅದರ ಆಚೆ, ಬೀದಿಯ ಕಡೆಗಿದೆ. ಆಗ ಬೀದಿಯ ಮ್ಯಾನ್‌ಹೋಲೂ ತುಂಬಿದೆಯೇ ಎಂದು ನೋಡಿ ದೂರು ಕೊಡಿ. ದಿನ, ಹೊತ್ತು, ತುಂಬಿದ ಚೇಂಬರಿನ ಫೋಟೊ ಇದ್ದರೆ ನಿಮ್ಮ ದೂರನ್ನು ತಳ್ಳಿಹಾಕುವುದು ಕಷ್ಟ.

ಹೊಣೆಯ ಗಡಿ ನೀರಿಗೊಂದು, ಕೊಳಚೆಗೊಂದು. ನೀರಿನಲ್ಲಿ ಸಾಮಾನ್ಯವಾಗಿ ಮೀಟರು ಅಥವಾ ಅದರ ಪಕ್ಕದ ವಾಲ್ವ್ ಗಡಿ. ಅದರಿಂದ ಮನೆಯ ಕಡೆಗಿನ ಸೋರಿಕೆಯ ದುರಸ್ತಿಯೂ ಸೋರಿದ ನೀರಿನ ಬಿಲ್ಲೂ ನಿಮ್ಮವೇ. ಕೊಳಚೆಯಲ್ಲಿ ಹಲವು ಕಡೆ ಜಾಗದ ಎಲ್ಲೆಯೇ ಗಡಿಯಾದರೆ, ಕೆಲವು ಕಡೆ ಬೀದಿಯ ಕೊಳವೆಗೆ ಸೇರುವವರೆಗಿನ ತುಂಡೂ ಮನೆಯವರದೇ. ಸಂಪರ್ಕ ಪಡೆದಾಗ ಸಹಿ ಹಾಕಿದ ಕಾಗದದಲ್ಲಿ ಇದು ಬರೆದಿರುತ್ತದೆ. ಕಪಾಟಿನಲ್ಲಿ ಹುಡುಕಿ ಒಮ್ಮೆ ಓದಿಡಿ.

ಕಾಂಪೌಂಡಿನ ಒಳಗಿನದು ನಮ್ಮ ಪಾಡು, ಬೇರೆಯವರಿಗೇನು ಎಂಬ ಭಾವನೆ ಹಲವು ಪತ್ರಗಳಲ್ಲಿ ಕಾಣುತ್ತದೆ. ಅದನ್ನು ನಾನು ಒಪ್ಪಲಾರೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಹಬ್ಬಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಆ ಬೀದಿಯ ಬಾವಿಯ ಪಂಪಿನ ನೀರೇ ಕಾರಣವೆಂದು ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟರು. ಆಮೇಲೆ ಅಗೆದು ನೋಡಿದಾಗ ಬಾವಿಯಿಂದ ಮೂರಡಿಯೂ ದೂರವಿಲ್ಲದಂತೆ ಪಕ್ಕದ ಮನೆಯ ಮಲಗುಂಡಿ ಇತ್ತು, ಅದರ ಇಟ್ಟಿಗೆಗಳು ಸಡಿಲಗೊಂಡಿದ್ದವು. ಕಾಯಿಲೆ ಬಿದ್ದ ತನ್ನ ಹಸುಗೂಸಿನ ಬಟ್ಟೆ ತೊಳೆದ ನೀರನ್ನು ಆ ಮನೆಯ ತಾಯಿ ಆ ಗುಂಡಿಗೆ ಸುರಿದಿದ್ದಳು. ಅವಳದು ತಪ್ಪೆನ್ನಲಾಗದು, ನೆಲದ ಕೆಳಗೆ ಏನಾಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ.

ಅಡಚಣೆಗೆ ಮುಖ್ಯ ಕಾರಣ ಅಡುಗೆಮನೆಯ ಎಣ್ಣೆ. ಬಿಸಿಯಾಗಿರುವಾಗ ನೀರಿನಂತೆ ಹರಿದುಹೋಗುವ ಅದು ತಣ್ಣಗಿನ ಕೊಳವೆಯಲ್ಲಿ ಪದರಪದರವಾಗಿ ಅಂಟಿಕೊಳ್ಳುತ್ತದೆ. ಆ ಜಿಡ್ಡಿಗೆ ಕೂದಲು, ಒದ್ದೆ ವೈಪ್ಸ್, ಸ್ಯಾನಿಟರಿ ಪ್ಯಾಡ್ ಸಿಕ್ಕಿಕೊಂಡರೆ ಬಿರಡೆ ತಯಾರು. ಪಾತ್ರೆಯ ಎಣ್ಣೆಯನ್ನು ಮೊದಲು ಕಾಗದದಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ‘ಫ್ಲಶ್ ಮಾಡಬಹುದು’ ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ವೈಪ್ಸ್ ಅನ್ನು ಕಮೋಡಿಗೆ ಹಾಕಬೇಡಿ, ಅದು ಕಾಗದದಂತೆ ಕರಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಹೊಣೆ ಒಂದಿದೆ. ಅಡಚಣೆ ಯಾವ ಕಡೆ ಇದ್ದರೂ ಸರಿ, ಮ್ಯಾನ್‌ಹೋಲಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಮನುಷ್ಯರನ್ನು ಇಳಿಸಬೇಡಿ; ಅವರೇ ಮುಂದೆ ಬಂದು ಇಳಿಯುತ್ತೇನೆಂದರೂ ಬೇಡವೆನ್ನಿ. ಕೊಳೆಯುವ ಮಲದಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಅನಿಲ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ನಾತ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಒಬ್ಬ ಬಿದ್ದನೆಂದು ಎತ್ತಲು ಹೋದ ಎರಡನೆಯವನೂ ಮೂರನೆಯವನೂ ಅಲ್ಲಿಯೇ ಉಳಿದುಬಿಡುತ್ತಾರೆ. ಯಂತ್ರ ಬರಲು ಎರಡು ದಿನ ತಡವಾದರೆ ಆ ಎರಡು ದಿನದ ನಾತವನ್ನು ಸಹಿಸಿಕೊಳ್ಳಬೇಕು. ಇದರಲ್ಲಿ ಬೇರೆ ಮಾತಿಲ್ಲ.

ಪ್ರಶ್ನೆ: ಮಹಡಿಯ ಮಳೆನೀರನ್ನು ಒಳಚರಂಡಿಯ ಚೇಂಬರಿಗೆ ಬಿಟ್ಟಿದ್ದೇವೆ. ಅದು ಶುದ್ಧ ನೀರೇ ಅಲ್ಲವೇ? ಚರಂಡಿಯನ್ನು ತೊಳೆದಂತೆಯೂ ಆಗುತ್ತದೆ. (ಓದುಗರೊಬ್ಬರು)

ಉತ್ತರ: ದಯವಿಟ್ಟು ಈ ಮಳೆಗಾಲಕ್ಕೆ ಮೊದಲೇ ಅದನ್ನು ಬೇರ್ಪಡಿಸಿ. 100 ಚದರ ಮೀಟರ್ ಮಹಡಿಯ ಮೇಲೆ ಗಂಟೆಯಲ್ಲಿ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್ ನೀರಾಗುತ್ತದೆ. ನಾಲ್ಕು ಜನರ ಮನೆಯಿಂದ ಇಡೀ ದಿನಕ್ಕೆ ಹೊರಹೋಗುವ ಕೊಳಚೆ ಸುಮಾರು 400 ಲೀಟರ್. ಐದು ದಿನದ ಕೊಳಚೆಯಷ್ಟು ನೀರನ್ನು ಒಂದೇ ಗಂಟೆಯಲ್ಲಿ ಕೊಳವೆಗೆ ತುರುಕಿದಂತಾಯಿತು. ಮಳೆನೀರಿಗೂ ಕೊಳಚೆಗೂ ಬೇರೆ ಬೇರೆ ಕೊಳವೆ ಹಾಕಿರುವ ಊರುಗಳಲ್ಲಿ ಕೊಳಚೆಯ ಕೊಳವೆ ಈ ಹೊರೆಗೆಂದು ಕಟ್ಟಿದ್ದಲ್ಲ. ಅದು ತುಂಬಿದಾಗ ನೀರು ನಿಮ್ಮ ಮಹಡಿಗೆ ಮರಳಿ ಹತ್ತುವುದಿಲ್ಲ, ತಗ್ಗಿನಲ್ಲಿರುವವರ ಬಚ್ಚಲಿನಿಂದ ಉಕ್ಕುತ್ತದೆ. ಮೇಲಿನ ಪತ್ರದವರ ಬಚ್ಚಲು ಮಳೆ ಬಂದಾಗ ಮಾತ್ರ ಉಕ್ಕುವುದಾದರೆ, ಕಾರಣ ಇಂಥದೇ ಯಾವುದೋ ಮಹಡಿ.

ಪ್ರಶ್ನೆ: ಬಾಡಿಗೆದಾರರು ನೀರಿನ ಬಾಕಿ ಉಳಿಸಿ ಮನೆ ಬಿಟ್ಟರು. ಬಿಲ್ಲು ಅವರು ಬಳಸಿದ್ದಕ್ಕೇ ಬಂದಿದೆ. ನಾನು ಕಟ್ಟಬೇಕೇ? (ಮನೆ ಮಾಲೀಕರೊಬ್ಬರು)

ಉತ್ತರ: ಹೆಚ್ಚಿನ ಕಡೆ ನೀರಿನ ಸಂಪರ್ಕ ಸ್ವತ್ತಿಗೆ ಸೇರಿದ್ದು, ಬಾಕಿಯೂ ಸ್ವತ್ತಿನ ಬೆನ್ನಿಗೇ ಅಂಟಿಕೊಳ್ಳುತ್ತದೆ. ಸಂಸ್ಥೆಗೆ ನೀವು ಕಟ್ಟಿ, ಬಾಡಿಗೆದಾರರಿಂದ ಕರಾರಿನ ಪ್ರಕಾರ ವಸೂಲು ಮಾಡಿಕೊಳ್ಳಬೇಕಾಗುತ್ತದೆ. ಮುಂದಿನ ಸಲ ಬೀಗದ ಕೈ ಕೊಡುವ ದಿನವೂ ತೆಗೆದುಕೊಳ್ಳುವ ದಿನವೂ ಇಬ್ಬರೂ ಮೀಟರಿನ ಮುಂದೆ ನಿಂತು ರೀಡಿಂಗ್ ಬರೆದು ಸಹಿ ಹಾಕಿ. ಮನೆ ಕೊಳ್ಳುವವರಿಗೂ ಇದೇ ಮಾತು: ನೋಂದಣಿಗೆ ಮೊದಲು ನೀರಿನ ಬಾಕಿ ಇಲ್ಲವೆಂಬ ಪತ್ರ ಕೇಳಿ ಪಡೆಯಿರಿ.

ಪ್ರಶ್ನೆ: ನಾನು ಪ್ರತಿ ಭಾನುವಾರ ಬೆಳಗ್ಗೆ ಮೀಟರ್ ರೀಡಿಂಗ್ ಬರೆದಿಡುತ್ತೇನೆ. ಕಳೆದ ಆರು ವಾರಗಳ ಖರ್ಚು ಕ್ರಮವಾಗಿ 3.4, 3.5, 3.4, 4.1, 4.9 ಮತ್ತು 5.8 ಯೂನಿಟ್. ಮನೆಯಲ್ಲಿ ಏನೂ ಬದಲಾಗಿಲ್ಲ. ನಮಗೆ ದಿನವಿಡೀ ನೀರು ಬರುತ್ತದೆ. ಫ್ಲಶ್ ಟ್ಯಾಂಕು, ನಲ್ಲಿ ಎಲ್ಲವೂ ಸರಿಯಿವೆ. ಬಿಲ್ಲು ಇನ್ನೂ ಬಂದಿಲ್ಲ. ನಾನು ಹೆದರಬೇಕೇ? (ನಿವೃತ್ತ ಶಿಕ್ಷಕಿಯೊಬ್ಬರು)

ಉತ್ತರ: ಅಮ್ಮ, ಮೀಟರಿನ ಅಂಕಿ ಬರೆದವರು ಒಬ್ಬರೇ ಎಂದು ಮೊದಲಿಗೆ ನಾನು ಹೇಳಿದ ಆ ಒಬ್ಬರು ನೀವೇ. ಮೂರು ವಾರ ಸ್ಥಿರವಾಗಿದ್ದು ನಾಲ್ಕನೆಯ ವಾರದಿಂದ ಮೆಟ್ಟಿಲು ಹತ್ತಿದಂತೆ ಏರುವ ಅಂಕಿ, ದಿನದಿಂದ ದಿನಕ್ಕೆ ಅಗಲವಾಗುತ್ತಿರುವ ಸೋರಿಕೆಯ ಗುರುತು. ಕೊನೆಯ ವಾರ ಹೆಚ್ಚಾದ 2.4 ಯೂನಿಟ್ ಎಂದರೆ ದಿನಕ್ಕೆ ಸುಮಾರು 340 ಲೀಟರ್, ನಿಮಿಷಕ್ಕೊಂದು ಲೋಟ ನೀರು. ಮನೆಯೊಳಗೆ ಎಲ್ಲವೂ ಸರಿಯಿದೆ ಎನ್ನುವುದರಿಂದ ಮೀಟರಿನಿಂದ ಸಂಪಿನವರೆಗೆ ನೆಲದಲ್ಲಿ ಹೂತಿರುವ ಕೊಳವೆಯ ಮೇಲೆ ನನಗೆ ಅನುಮಾನ. ಸಂಪಿನ ಬಾಯಲ್ಲಿರುವ ವಾಲ್ವ್ ಮುಚ್ಚಿ ಮೀಟರಿನ ಪುಟ್ಟ ಚಕ್ರವನ್ನು ನೋಡಿ. ಅದು ತಿರುಗುತ್ತಿದ್ದರೆ ಸೋರಿಕೆ ಆ ಹಾದಿಯಲ್ಲಿಯೇ ಇದೆ. ಆ ಸಾಲಿನಲ್ಲಿ ಮಳೆಯಿಲ್ಲದೆಯೂ ತೇವ ಆರದ ಮಣ್ಣು, ಉಳಿದ ಕಡೆಗಿಂತ ಹಸಿರಾದ ಹುಲ್ಲು, ಕುಸಿದ ಕಲ್ಲುಹಾಸು ಕಂಡರೆ ಅಲ್ಲಿಂದಲೇ ಅಗೆಯಲು ಹೇಳಿ, ಇಡೀ ಅಂಗಳವನ್ನು ಕೀಳಿಸಬೇಡಿ.

ದುರಸ್ತಿಯ ಹೊಣೆ ನಿಮ್ಮದೇ ಆದರೂ, ನೆಲದಡಿಯ ಕಾಣದ ಸೋರಿಕೆಗೆ ಒಮ್ಮೆ ರಿಯಾಯಿತಿ ಕೊಡುವ ಪದ್ಧತಿ ಹಲವು ಸಂಸ್ಥೆಗಳಲ್ಲಿದೆ. ಪ್ಲಂಬರರ ರಸೀದಿ, ಒಡೆದ ಕೊಳವೆಯ ಫೋಟೊ ಮತ್ತು ನಿಮ್ಮ ಆರು ವಾರಗಳ ಪಟ್ಟಿಯನ್ನು ಲಗತ್ತಿಸಿ ಅರ್ಜಿ ಕೊಡಿ. ಅಷ್ಟು ಅಚ್ಚುಕಟ್ಟಾದ ಪುರಾವೆ ಕಚೇರಿಗಳಿಗೆ ಸಿಗುವುದು ಅಪರೂಪ. ದುರಸ್ತಿಯಾದ ಮೇಲಿನ ಎರಡು ಭಾನುವಾರಗಳ ಅಂಕಿಗಳನ್ನು ನನಗೂ ಬರೆದು ಕಳಿಸಿ. 3.4ಕ್ಕೆ ಇಳಿಯದಿದ್ದರೆ ಇನ್ನೊಂದು ತೂತು ಉಳಿದಿದೆ ಎಂದು ಅರ್ಥ.